ಜಲ್ಲಿ ದಾರಿ, ದಪ್ಪ ಟೈರು

ಗ್ರಾವೆಲ್ ಬೈಕ್ ಅಂದರೇನು ಎಂದು ಸೈಕಲ್ ಅಂಗಡಿಯಲ್ಲಿ ವಿಚಾರಿಸಿದರೆ ಉತ್ತರಕ್ಕೆ ತಡವಾಗುವುದಿಲ್ಲ: ರೇಸ್ ಸೈಕಲ್ಲಿನಂಥ ಬಾಗಿದ ಹ್ಯಾಂಡಲ್ಲು, ಅದಕ್ಕಿಂತ ದಪ್ಪನೆಯ ಟೈರು, ಡಿಸ್ಕ್ ಬ್ರೇಕು, ಮುಂದೆ ಸಾಮಾನ್ಯವಾಗಿ ಒಂದೇ ಹಲ್ಲುಚಕ್ರ, ಬಾಟಲಿ ಚೀಲ ಸಿಕ್ಕಿಸಲು ಫ್ರೇಮಿನ ತುಂಬ ತೂತುಗಳು. ಬೆಲೆ ಕೇಳಿದರೆ ಮಾತ್ರ ಗಿರಾಕಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಾನೆ. ಆದರೆ ಈ ಆಟದ ಇಪ್ಪತ್ತು ವರ್ಷಗಳ ಚರಿತ್ರೆಯನ್ನು ಕೆದಕಿ ನೋಡಿದರೆ, ಅದರ ನಿಜವಾದ ಬಂಡವಾಳ ಇರುವುದು ದಾರಿಯಲ್ಲಿ ಎಂಬುದು ಬೇಗ ಗೊತ್ತಾಗುತ್ತದೆ. ಡಾಂಬರು ಕಾಣದ, ವಾಹನ ವಿರಳವಾದ, ಯಾರು ಬೇಕಾದರೂ ಹೋಗಬಹುದಾದ ಸಾರ್ವಜನಿಕ ದಾರಿ ಹೇರಳವಾಗಿ ಇದ್ದ ಕಡೆ ಈ ಆಟ ಯಾರ ಆಸರೆಯೂ ಇಲ್ಲದೆ ಬೆಳೆಯಿತು. ಅಂಥ ದಾರಿ ಇಲ್ಲದ ಊರಿಗೆ ಎಂಥ ಕಾರ್ಬನ್ ಫ್ರೇಮ್ ತಂದರೂ ಅದು ಶೋಕಿಗಷ್ಟೇ. ಹೀಗಾಗಿ ಗ್ರಾವೆಲ್ ಸೈಕ್ಲಿಂಗಿನ ಮುಂದಿನ ದಿನಗಳ ಮೇಲೆ ಆಸೆ ಇಟ್ಟುಕೊಂಡವರು ಮೊದಲು ತಲೆ ಕೆಡಿಸಿಕೊಳ್ಳಬೇಕಾದ್ದು ದಾರಿಗಳ ಬಗ್ಗೆ, ಆಮೇಲೆ ಪಂದ್ಯಗಳ ಬಗ್ಗೆ, ಕಟ್ಟಕಡೆಗೆ ಸೈಕಲ್ಲಿನ ಬಗ್ಗೆ. ಈಗ ನಡೆಯುತ್ತಿರುವುದು ಬಹುಮಟ್ಟಿಗೆ ತಿರುಗುಮುರುಗು.

ಈ ಆಟಕ್ಕೊಂದು ರಾಜಧಾನಿ ಇದೆ ಎನ್ನುವುದಾದರೆ ಅದು ಅಮೆರಿಕದ ನಡುಮಧ್ಯದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ. ಜನಸಂಖ್ಯೆ 24 ಸಾವಿರದ ಆಸುಪಾಸು; ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ತಾಲ್ಲೂಕು ಕೇಂದ್ರ. 2006ರಲ್ಲಿ ಅಲ್ಲಿಂದ 34 ಮಂದಿ 200 ಮೈಲಿ, ಅಂದರೆ ಸುಮಾರು 320 ಕಿಲೋಮೀಟರ್ ಜಲ್ಲಿ ದಾರಿಯ ಪಂದ್ಯಕ್ಕೆ ಹೊರಟರು. ಈಗ ‘ಅನ್‌ಬೌಂಡ್ ಗ್ರಾವೆಲ್’ ಎಂಬ ಹೆಸರಿನ ಅದೇ ಪಂದ್ಯಕ್ಕೆ ಸಾವಿರಾರು ಮಂದಿ ಬಂದಿಳಿಯುತ್ತಾರೆ. ಹೆಸರು ಕೊಟ್ಟವರಿಗೆಲ್ಲ ಜಾಗ ಸಾಲದೆ ಲಾಟರಿ ಎತ್ತುತ್ತಾರೆ. ಸಮುದ್ರವಿಲ್ಲ, ಹಿಮಪರ್ವತವಿಲ್ಲ, ಪ್ರವಾಸಿಗರು ಹುಡುಕಿಕೊಂಡು ಬರುವಂಥ ಏನೂ ಇಲ್ಲದ ಈ ಊರೇ ಏಕೆ? ಉತ್ತರ 1785ರ ಒಂದು ಭೂ ಕಾಯ್ದೆಯಲ್ಲಿದೆ. ಹೊಸದಾಗಿ ಕೈಸೇರಿದ ನೆಲವನ್ನು ಒಂದೊಂದು ಮೈಲಿಯ ಚೌಕಗಳಾಗಿ ಅಳೆದು ಮಾರುವ ಪದ್ಧತಿಯನ್ನು ತಂದದ್ದು ಆ ಕಾಯ್ದೆ. ಅದೇ ಅಳತೆ ಮುಂದೆ ಪಶ್ಚಿಮಕ್ಕೆ ಹಬ್ಬುತ್ತ ಕ್ಯಾನ್ಸಸ್‌ವರೆಗೂ ಬಂತು. ಒಂದು ಚೌಕಕ್ಕೆ 640 ಎಕರೆ, ಅಂಥ 36 ಚೌಕ ಸೇರಿದರೆ ಒಂದು ಟೌನ್‌ಶಿಪ್. ಚೌಕಗಳ ಅಂಚಿನ ಗೆರೆಗಳೇ ಕಾಲಕ್ರಮದಲ್ಲಿ ರಸ್ತೆಗಳಾದವು. ಆಮೇಲೆ ಟ್ರ್ಯಾಕ್ಟರುಗಳು ದೊಡ್ಡದಾದವು, ಹಿಡುವಳಿಗಳು ಒಂದರೊಳಗೊಂದು ಸೇರಿದವು, ಎಳೆಯರು ಪಟ್ಟಣ ಹಿಡಿದರು. ರಸ್ತೆಗಳು ಮಾತ್ರ ಕೌಂಟಿಯ ದಾಖಲೆಯಲ್ಲಿ ಸಾರ್ವಜನಿಕ ರಸ್ತೆಗಳಾಗಿಯೇ ಉಳಿದವು. ಅಮೆರಿಕದ ಒಟ್ಟು ರಸ್ತೆಯ ಮೂರನೇ ಒಂದು ಭಾಗದಷ್ಟು ಇಂದಿಗೂ ಡಾಂಬರು, ಕಾಂಕ್ರೀಟು ಕಂಡಿಲ್ಲ. ಮನೆಬಾಗಿಲಿನಿಂದ ಹೊರಟು, ಇಡೀ ಬೆಳಗ್ಗೆ ನಾಲ್ಕೈದು ಪಿಕಪ್ ಟ್ರಕ್ಕುಗಳನ್ನಷ್ಟೇ ನೋಡಿ ವಾಪಸಾಗಬಹುದಾದ ದಾರಿಗಳು ಹೀಗೆ ಅಲ್ಲಿಯ ಸೈಕಲ್ ಸವಾರರಿಗೆ ಪುಕ್ಕಟೆಯಾಗಿ ಸಿಕ್ಕವು. ಪುಕ್ಕಟೆ ಎನ್ನುವಾಗ ಒಂದು ಮಾತು ಸೇರಿಸಬೇಕು: ಆ ನೆಲದ ಮೂಲನಿವಾಸಿ ಕಾ ಜನರನ್ನು 1873ರಲ್ಲಿ ಓಕ್ಲಹೋಮಾ ಕಡೆಗೆ ಸಾಗಹಾಕಲಾಗಿತ್ತು. ಅವರ ಹೆಸರನ್ನೇ ಹೊಲಸು ಎಂಬ ವಿಶೇಷಣದ ಜತೆ ಹೊತ್ತಿದ್ದ ಪಂದ್ಯ, ಆಕ್ಷೇಪಗಳ ನಂತರ 2020ರಲ್ಲಿ ಈಗಿನ ಹೆಸರಿಗೆ ಬದಲಾಯಿತು.

ಎಂಪೋರಿಯಾದ ಸುತ್ತಲಿನ ದಿಬ್ಬಗಳಿಗೆ ಫ್ಲಿಂಟ್ ಹಿಲ್ಸ್ ಎಂದು ಹೆಸರು. ಅಲ್ಲಿಯ ಸುಣ್ಣಕಲ್ಲಿನ ಪದರಗಳ ಒಳಗೆ ಚಕಮಕಿ ಕಲ್ಲಿನ ಗಂಟುಗಳಿವೆ. ಮಳೆಗೆ ಸುಣ್ಣಕಲ್ಲು ಕರಗುತ್ತ ಹೋದಂತೆ ಚಕಮಕಿ ಕಲ್ಲು ಮಾತ್ರ ಕರಗದೆ ಮೇಲ್ಮಣ್ಣಿನಲ್ಲಿ ಉಳಿದುಕೊಳ್ಳುತ್ತದೆ. ಈ ಕಲ್ಲಿಗೆ ನೇಗಿಲು ಸೋತಿತು. ಉಳಲಾಗದ ನೆಲ ದನಗಳ ಹುಲ್ಲುಗಾವಲಾಗಿ ಉಳಿಯಿತು. ಒಂದು ಕಾಲಕ್ಕೆ ಉತ್ತರ ಅಮೆರಿಕದ ನಡುನಾಡನ್ನೆಲ್ಲ ಆವರಿಸಿದ್ದ ಎತ್ತರದ ಹುಲ್ಲಿನ ಬಯಲಿನಲ್ಲಿ ಈಗ ಉಳಿದಿರುವುದು ನೂರಕ್ಕೆ ನಾಲ್ಕು ಪಾಲಿಗಿಂತ ಕಡಿಮೆ, ಅದರಲ್ಲೂ ಹೆಚ್ಚಿನದು ಇಲ್ಲಿಯೇ. ಹುಲ್ಲು ಉಳಿಸಿದ ಕಲ್ಲೇ ರಸ್ತೆಯನ್ನೂ ಸೇರಿದೆ. ಒಡೆದ ಚಕಮಕಿ ಕಲ್ಲಿನ ಅಂಚು ಬ್ಲೇಡಿನಷ್ಟು ಹರಿತ. ಅದು ಟೈರಿನ ನೆತ್ತಿಗೆ ಚುಚ್ಚುವುದಕ್ಕಿಂತ ಹೆಚ್ಚಾಗಿ ಪಕ್ಕದ ಗೋಡೆಯನ್ನು ಸೀಳುತ್ತದೆ. ಎಂಪೋರಿಯಾದ ಸವಾರ ಯಾವ ಟೈರು ಆರಿಸುತ್ತಾನೆ, ಎಷ್ಟು ಗಾಳಿ ತುಂಬುತ್ತಾನೆ, ಚೀಲದಲ್ಲಿ ಏನೇನು ಇಟ್ಟುಕೊಳ್ಳುತ್ತಾನೆ ಎಂಬುದನ್ನೆಲ್ಲ ತೀರ್ಮಾನಿಸುವುದು ಈ ಕಲ್ಲು. ಸೈಕಲ್ ಕಂಪನಿಯ ಕ್ಯಾಟಲಾಗಿನ ಪಾಲು ಅದರಲ್ಲಿ ಕಡಿಮೆ.

ಟೈರಿನ ವಿಷಯ ಬಂದದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು, ಏಕೆಂದರೆ ಈ ಸೈಕಲ್ಲಿನ ಜೀವ ಇರುವುದು ಅಲ್ಲಿ. ದಶಕಗಳ ಕಾಲ ರೇಸ್ ಸವಾರರು ನಂಬಿದ್ದು, ಟೈರು ತೆಳ್ಳಗಿದ್ದಷ್ಟೂ ಅದರಲ್ಲಿ ಗಾಳಿ ಬಿಗಿಯಾಗಿದ್ದಷ್ಟೂ ವೇಗ ಹೆಚ್ಚು ಎಂದು. ಪ್ರಯೋಗಾಲಯದ ನುಣುಪಾದ ಉಕ್ಕಿನ ಉರುಳೆಯ ಮೇಲೆ ಅಳೆದಾಗ, ಗಾಳಿಯ ಬಿಗಿಯ ಮಟ್ಟಿಗೆ ಅದು ನಿಜವೂ ಹೌದು. ಆದರೆ ಒರಟು ನೆಲದಲ್ಲಿ ಬಿಗಿ ಟೈರು ಪ್ರತಿ ಕಲ್ಲಿಗೂ ಸವಾರನನ್ನು ಎತ್ತಿ ಹಾಕುತ್ತದೆ. ಮುಂದಕ್ಕೆ ಹೋಗಬೇಕಾದ ಶಕ್ತಿ ಮೇಲೆ ಕೆಳಗೆ ಕುಲುಕುವುದರಲ್ಲಿ ಸೋರಿಹೋಗಿ, ಸವಾರನ ತೋಳು ತೊಡೆಯ ಮಾಂಸಖಂಡಗಳಲ್ಲಿ ಶಾಖವಾಗಿ ಮುಗಿಯುತ್ತದೆ. ಟೈರು ಅಗಲವಾಗಿದ್ದು ಗಾಳಿ ಕಡಿಮೆಯಿದ್ದರೆ ಕಲ್ಲು ಟೈರಿನೊಳಗೆ ಒತ್ತಿಕೊಂಡು ಹಿಂದೆ ಸರಿಯುತ್ತದೆ, ಸೈಕಲ್ಲು ನೆಗೆಯುವುದಿಲ್ಲ. ‘ಬೈಸಿಕಲ್ ಕ್ವಾರ್ಟರ್ಲಿ’ ಪತ್ರಿಕೆಯ ಯಾನ್ ಹೈನೆ ಮೊದಲಾದವರು ಪ್ರಯೋಗಾಲಯ ಬಿಟ್ಟು ನಿಜವಾದ ರಸ್ತೆಯ ಮೇಲೆ ಅಳತೆ ಮಾಡಿ ಇದನ್ನು ಹೇಳುತ್ತ ಬಂದರು. ಮೊದಮೊದಲು ನಕ್ಕವರೂ ಈಗ ಒಪ್ಪಿದ್ದಾರೆ. ಹೀಗಾಗಿ ಗ್ರಾವೆಲ್ ಸವಾರರು ಸಾಮಾನ್ಯವಾಗಿ ಬಳಸುವುದು 40ರಿಂದ 50 ಮಿಲಿಮೀಟರ್ ಅಗಲದ, ಟ್ಯೂಬಿಲ್ಲದ ಟೈರು. ಹಿಂದೆ ರೇಸ್ ಸೈಕಲ್ಲಿಗೆ 100 ಪಿಎಸ್‌ಐ ಮೀರಿ ಗಾಳಿ ಹೊಡೆಯುತ್ತಿದ್ದರೆ, ಇಲ್ಲಿ 30–40 ಸಾಕು. ಹೆಬ್ಬೆರಳಿನಲ್ಲಿ ಒತ್ತಿದರೆ ಟೈರು ಕೊಂಚ ತಗ್ಗಬೇಕು. ಒಳಗೆ ರಬ್ಬರ್ ಹಾಲಿನಂಥ ದ್ರವ ಸುರಿದಿರುತ್ತಾರೆ. ಸಣ್ಣ ತೂತಾದರೆ ಅದು ಅಲ್ಲೇ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ, ದೊಡ್ಡದಾದರೆ ಅಂಟಿನ ಬತ್ತಿಯೊಂದನ್ನು ಸೂಜಿಯಿಂದ ತುರುಕಿ ಮುಂದೆ ಹೊರಡುವುದು. ಈ ದಾರಿಗೆ ಸರಿಯಾದ ಅಗಲ ಎಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ; ಅನ್‌ಬೌಂಡ್‌ನ ಇತ್ತೀಚಿನ ವರ್ಷಗಳಲ್ಲಿ ಮುಂಚೂಣಿಯ ಕೆಲವರು ಎರಡಿಂಚು ಮೀರಿದ ಮೌಂಟನ್ ಬೈಕ್ ಟೈರುಗಳನ್ನೇ ಹಾಕಿಕೊಂಡು ಬಂದಿದ್ದಾರೆ.

ಕನ್ನಡದ ಓದುಗರಿಗೆ ಇಲ್ಲೊಂದು ತಮಾಷೆಯ ಸಂಗತಿ ಇದೆ. ನಮ್ಮ ಹಾಲಿನವರು, ಪೋಸ್ಟ್‌ಮ್ಯಾನ್‌ಗಳು, ಹಳ್ಳಿಯ ಮೇಷ್ಟ್ರುಗಳು ತುಳಿದ ಅಟ್ಲಾಸ್, ಹರ್ಕ್ಯುಲಿಸ್, ಹೀರೋ ಸೈಕಲ್ಲುಗಳ ಟೈರಿನ ಪಕ್ಕದಲ್ಲಿ 28 ಗುಣಿಸು ಒಂದೂವರೆ ಎಂದು ಅಚ್ಚಾಗಿರುತ್ತದೆ. ಅಂತರರಾಷ್ಟ್ರೀಯ ಅಳತೆಯಲ್ಲಿ ಅದು 40–635. ಅಂದರೆ ಅಗಲ ಸರಿಯಾಗಿ 40 ಮಿಲಿಮೀಟರ್. ಎರಡು ಚಕ್ರಗಳ ನಡುವೆ ಉದ್ದನೆಯ ಅಂತರ, ಮುಂದಕ್ಕೆ ಚಾಚಿದ ಫೋರ್ಕು, ಹಳ್ಳಕ್ಕೆ ಇಳಿದರೂ ಹ್ಯಾಂಡಲ್ಲು ಹೊರಳದ ಸ್ಥಿರತೆ — ಗ್ರಾವೆಲ್ ಬೈಕಿನ ಜಾಹೀರಾತುಗಳು ಹೊಸ ಶೋಧವೆಂದು ವರ್ಣಿಸುವ ಈ ಗುಣಗಳಲ್ಲಿ ಬಹುಪಾಲು ಕಚ್ಚಾ ರಸ್ತೆಗೆಂದೇ ರೂಪುಗೊಂಡ ಆ ಹಳೇ ಸೈಕಲ್ಲಿನಲ್ಲಿ ಆಗಲೇ ಇದ್ದವು. ಹಾಗಾದರೆ ಗ್ರಾವೆಲ್ ಬೈಕು ಬರೀ ಬೂಟಾಟಿಕೆಯೇ ಎಂದು ಕೇಳಿದರೆ, ಅಲ್ಲ. ಇಪ್ಪತ್ತು ಕಿಲೋ ತೂಗುವ, ಗೇರಿಲ್ಲದ, ಕಂಬಿಯ ಬ್ರೇಕಿನ ಸೈಕಲ್ಲಿನಲ್ಲಿ ಏರು ಹತ್ತುವುದು ಹೇಗಿರುತ್ತದೆ, ಮಳೆಯಲ್ಲಿ ಇಳಿಯುವುದು ಹೇಗಿರುತ್ತದೆ ಎಂಬುದು ತುಳಿದವರಿಗೆ ಗೊತ್ತು. ಗೇರು, ಡಿಸ್ಕ್ ಬ್ರೇಕು, ಅರ್ಧಕ್ಕರ್ಧ ಇಳಿದ ತೂಕ, ಟ್ಯೂಬಿಲ್ಲದ ಟೈರು ಇವು ನಾಲ್ಕೂ ದಿಟವಾದ ಸುಧಾರಣೆಗಳು. ಉಳಿದದ್ದೆಲ್ಲ, ಕಾರ್ಬನ್ ಮೇಲೋ ಉಕ್ಕು ಮೇಲೋ, ಮುಂದೆ ಒಂದು ಚಕ್ರವೋ ಎರಡೋ ಎಂಬ ಚರ್ಚೆಗಳು, ಹರಟೆಗೆ ಒಳ್ಳೆಯ ವಸ್ತು. ಹೊಸದಾಗಿ ಶುರು ಮಾಡುವವರು ಕೈಯಲ್ಲಿರುವ ಸೈಕಲ್ಲಿಗೆ ಫ್ರೇಮು ಒಪ್ಪುವಷ್ಟು ದಪ್ಪನೆಯ ಒಳ್ಳೆ ಟೈರು ಹಾಕಿಸಿ ಒಂದು ವರ್ಷ ತುಳಿಯಲಿ. ಫ್ರೇಮು ಬದಲಿಸಬೇಕೋ ಬೇಡವೋ ಎಂಬುದು ಅಷ್ಟರಲ್ಲಿ ತಾನೇ ಗೊತ್ತಾಗುತ್ತದೆ.

ಯಂತ್ರದ ಮೇಲೆ ದಾರಿಯದೇ ಮೇಲುಗೈ ಎಂಬುದಕ್ಕೆ 2023ರ ಅನ್‌ಬೌಂಡ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮಳೆಗೆ ನೆಂದ ಒಂದು ಕಚ್ಚಾ ರಸ್ತೆ ಪಂದ್ಯದ ಆರಂಭದಲ್ಲೇ ಎದುರಾಯಿತು. ಜಿಗುಟು ಮಣ್ಣು ಟೈರಿಗೂ ಫ್ರೇಮಿಗೂ ನಡುವೆ ತುಂಬಿಕೊಂಡು ಚಕ್ರಗಳು ತಿರುಗದೆ ನಿಂತವು. ವೃತ್ತಿಪರರು, ಹವ್ಯಾಸಿಗಳು ಎಂಬ ಭೇದವಿಲ್ಲದೆ ಲಕ್ಷಗಟ್ಟಲೆ ಬೆಲೆಯ ಸೈಕಲ್ಲುಗಳನ್ನು ಹೆಗಲಿಗೇರಿಸಿ ನಡೆದರು. ಹಿಂದಿನ ಗೇರಿನ ಕೊಕ್ಕೆಗಳು ಮುರಿದು ಎಷ್ಟೋ ಮಂದಿಯ ಪಂದ್ಯ ಅಲ್ಲೇ ಮುಗಿಯಿತು. ಆ ದಿನ ಹೆಚ್ಚು ಉಪಕಾರಕ್ಕೆ ಬಂದ ಸಾಧನ, ಬಣ್ಣದ ಡಬ್ಬಿ ಕಲಕಲು ಅಂಗಡಿಯವರು ಕೊಡುವ ಚಪ್ಪಟೆ ಮರದ ಕಡ್ಡಿ. ಅನುಭವಿಗಳು ಮಣ್ಣು ಕೆರೆಯುವುದಕ್ಕೆಂದು ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದಿರುತ್ತಾರೆ. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಎರೆಹೊಲದ ದಾರಿಯನ್ನು ಮಳೆಗಾಲದಲ್ಲಿ ಕಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಒಂದು ಹದ ಮಳೆ ಬಿದ್ದರೆ ಅಲ್ಲಿ ಬಂಡಿಯ ಗಾಲಿಯೇ ತಿರುಗುವುದಿಲ್ಲ, ಕಾಲಿನ ಚಪ್ಪಲಿ ಕಿಲೋ ತೂಗುತ್ತದೆ.

ಇನ್ನು ಪಂದ್ಯಗಳ ಮಾತು. ಗ್ರಾವೆಲ್ ಆಟ ಹುಟ್ಟಿದ್ದು ದುಡ್ಡಿಲ್ಲದ, ಫೆಡರೇಷನ್ ಇಲ್ಲದ ಕೂಟಗಳಲ್ಲಿ. 2005ರಲ್ಲಿ ಶುರುವಾದ ‘ಟ್ರಾನ್ಸ್ ಅಯೋವಾ’ ಮುನ್ನೂರು ಮೈಲಿಗೂ ಮೀರಿದ ಓಟ. ಪ್ರವೇಶ ಶುಲ್ಕವಿರಲಿಲ್ಲ, ಬಹುಮಾನದ ದುಡ್ಡಿರಲಿಲ್ಲ, ಕೈಗೆ ದಾರಿ ಬರೆದ ಚೀಟಿ ಕೊಟ್ಟು ಕಳಿಸುತ್ತಿದ್ದರು. ಮಿನೆಸೋಟಾದ ‘ಅಲ್ಮಾಂಜೋ 100’ಕ್ಕೆ ಹೆಸರು ನೋಂದಾಯಿಸಬೇಕಿದ್ದರೆ ಒಂದು ಪೋಸ್ಟ್‌ಕಾರ್ಡ್ ಬರೆದು ಹಾಕಿದರೆ ಸಾಕಿತ್ತು. ದಾರಿ ಎಲ್ಲರದೂ ಆಗಿರುವಾಗ ಅದರ ಮೇಲೆ ಓಡಲು ಟಿಕೆಟ್ ಏಕೆ ಎಂಬ ಸರಳ ತರ್ಕ ಆ ಕೂಟಗಳ ಬುಡದಲ್ಲಿತ್ತು. 2018ರಲ್ಲಿ ಎಂಪೋರಿಯಾದ ಪಂದ್ಯವನ್ನು ಲೈಫ್ ಟೈಮ್ ಎಂಬ ದೊಡ್ಡ ಫಿಟ್‌ನೆಸ್ ಕಂಪನಿ ಕೊಂಡಿತು. ಟ್ರಾನ್ಸ್ ಅಯೋವಾದ ಕೊನೆಯ ಓಟವೂ ಅದೇ ವರ್ಷ ನಡೆಯಿತು, ಕಾಕತಾಳೀಯವಾಗಿ. 2022ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಇಟಲಿಯ ವೆನೆಟೊದಲ್ಲಿ ಮೊದಲ ಗ್ರಾವೆಲ್ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ಹಾದಿ ಸಪಾಟು, ಕಲ್ಲಿಗಿಂತ ಗಟ್ಟಿ ನೆಲವೇ ಹೆಚ್ಚು ಎಂದು ಆಗ ಟೀಕೆಗಳು ಬಂದವು. ಪುರುಷರಲ್ಲಿ ಮೊದಲ ವರ್ಷ ಗೆದ್ದದ್ದು ಜಾನಿ ವರ್ಮೀರ್ಷ್, ಮುಂದಿನ ವರ್ಷ ಮಾತೇಯ್ ಮೊಹೊರಿಚ್, 2024ರಲ್ಲಿ ಬೆಲ್ಜಿಯಂನ ಲುವೆನ್‌ನಲ್ಲಿ ಮಾಥ್ಯೂ ವಾನ್ ಡರ್ ಪೂಲ್. ಮೂವರೂ ಡಾಂಬರು ರಸ್ತೆಯ ವೃತ್ತಿಪರ ತಂಡಗಳ ಆಳುಗಳು. ವಾರಾಂತ್ಯದಲ್ಲಿ ಜಲ್ಲಿ ದಾರಿಗೆ ಬಂದು ಗೆದ್ದು ಹೋದರು ಎಂದರೆ ಅದರಲ್ಲಿ ಉತ್ಪ್ರೇಕ್ಷೆ ಅಷ್ಟೇನೂ ಇಲ್ಲ.

ದುಡ್ಡು ಬಂದರೆ ಆಟ ಕೆಡುತ್ತದೆ ಎಂದು ಗೊಣಗುವುದು ಹಳಬರ ಚಟ, ಎಂದು ಇದಕ್ಕೆ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಹುರುಳಿದೆ. ದುಡ್ಡು ಬಂದ ಮೇಲೆಯೇ ಮಹಿಳೆಯರಿಗೆ ಪುರುಷರಷ್ಟೇ ಬಹುಮಾನ ಸಿಗತೊಡಗಿತು. 2024ರಿಂದ ಅನ್‌ಬೌಂಡ್‌ನಲ್ಲಿ ಮುಂಚೂಣಿಯ ಮಹಿಳೆಯರು ಬೇರೆಯಾಗಿ ಹೊರಟು, ಪುರುಷರ ಗುಂಪಿನ ನೆರಳು ತಾಕದಂತೆ ತಮ್ಮ ತಮ್ಮಲ್ಲೇ ಸೆಣಸುವ ವ್ಯವಸ್ಥೆಯಾಯಿತು. ಎಂಪೋರಿಯಾದ ಹೋಟೆಲುಗಳು ಪಂದ್ಯದ ಹೊತ್ತಿಗೆ ತುಂಬುತ್ತವೆ, ಊರಿಗೆ ಹೊಸ ಹೆಸರು ಬಂದಿದೆ. ಪೋಸ್ಟ್‌ಕಾರ್ಡಿನ ಕಾಲದ ಕೂಟಗಳು ಎಷ್ಟೇ ಮುದ್ದಾಗಿದ್ದರೂ ಒಬ್ಬಿಬ್ಬರ ಬೆನ್ನಿನ ಮೇಲೆ ನಿಂತಿದ್ದವು. ಅವರು ದಣಿದ ದಿನ ಕೂಟವೂ ನಿಂತಿತು. ಇದಿಷ್ಟನ್ನೂ ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಲಾಟರಿಯಲ್ಲಿ ಹೆಸರು ಬಾರದ ಸವಾರ ಏನು ಮಾಡುತ್ತಾನೆ? ಅವನು ತನ್ನೂರಿನ ಕೌಂಟಿ ರಸ್ತೆಗೆ ಹೋಗುತ್ತಾನೆ, ವರ್ಷದ 364 ದಿನ ಅವನ ಆಟ ಅಲ್ಲೇ ನಡೆಯುವುದು. ಆ ರಸ್ತೆ ಇದ್ದರೆ ದೊಡ್ಡ ಪಂದ್ಯ ಮುಚ್ಚಿದರೂ ಆಟ ಉಳಿಯುತ್ತದೆ. ಅದು ಹೋದರೆ ಪಂದ್ಯಕ್ಕೆ ಸವಾರರು ಎಲ್ಲಿಂದ ಬರಬೇಕು? ಆದ್ದರಿಂದ ವಿಶ್ವ ಚಾಂಪಿಯನ್‌ಷಿಪ್ ಇರಲಿ, ಬೇಡವೆಂದಲ್ಲ. ಆಟದ ಆರೋಗ್ಯವನ್ನು ಅದರಿಂದ ಅಳೆಯಬಾರದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ, ಅದು ನಮ್ಮ ಕಡೆಯಿಂದಲೇ ಬರುವಂಥದ್ದು. ಡಾಂಬರಿಗಾಗಿ ಹಳ್ಳಿಗಳು ದಶಕಗಟ್ಟಲೆ ಅರ್ಜಿ ಹಿಡಿದು ಓಡಾಡಿವೆ. ಬಸುರಿಯನ್ನು ಮಂಚದ ಮೇಲೆ ಹೊತ್ತು ಮುಖ್ಯರಸ್ತೆಗೆ ತಂದ ಸುದ್ದಿ ಈಗಲೂ ಪತ್ರಿಕೆಗಳಲ್ಲಿ ಬರುತ್ತದೆ. ಅಂಥ ನಾಡಿನಲ್ಲಿ ಮಣ್ಣು ರಸ್ತೆ ಉಳಿಯಲಿ ಎಂದು ಸೈಕಲ್ಲಿನವರು ಹೇಳುವುದು ಹೊಟ್ಟೆ ತುಂಬಿದವರ ಮಾತಲ್ಲವೇ? ಊರಿನಿಂದ ಊರಿಗೆ ಹೋಗುವ ರಸ್ತೆಗೆ ಇದು ನೂರಕ್ಕೆ ನೂರು ಸರಿ. 2000ದಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ಡಾಂಬರನ್ನು ಯಾವ ಸೈಕಲ್ ಸವಾರನೂ ಹಳಿಯಬಾರದು. ಆದರೆ ಊರುಗಳ ನಡುವಿನ ರಸ್ತೆ ಬೇರೆ, ಹೊಲಗಳ ನಡುವಿನ ದಾರಿ ಬೇರೆ. ಎರಡನೆಯದಕ್ಕೆ ಬೇಕಾದ್ದು ನೀರು ನಿಲ್ಲದ ಗರಸಿನ ಹಾಸು, ಬದಿಗೆ ಚರಂಡಿ, ವರ್ಷಕ್ಕೊಮ್ಮೆ ಸರಿಪಡಿಸುವ ಕೈ. ನರೇಗಾ ಅಡಿ ರಾಜ್ಯ ಸರ್ಕಾರ ಕೈಗೊಂಡ ‘ನಮ್ಮ ಹೊಲ ನಮ್ಮ ರಸ್ತೆ’ ಯೋಜನೆ ಮಾಡಲು ಹೊರಟಿದ್ದು ಅದನ್ನೇ: ಕಬ್ಬು, ಹತ್ತಿ, ತೊಗರಿ ಹೊತ್ತ ಟ್ರ್ಯಾಕ್ಟರು ಹೂತುಹೋಗದಂಥ ದಾರಿ. ಟ್ರ್ಯಾಕ್ಟರಿಗೆ ಒಳ್ಳೆಯದಾದ ಗರಸಿನ ದಾರಿ ಗ್ರಾವೆಲ್ ಸೈಕಲ್ಲಿಗೂ ಒಳ್ಳೆಯದೇ. ಇಲ್ಲಿ ರೈತನ ಹಿತಕ್ಕೂ ಸವಾರನ ಖುಷಿಗೂ ತಕರಾರಿಲ್ಲ. ಅಮೆರಿಕದಲ್ಲೂ ಈ ಲೆಕ್ಕ ಭಾವುಕತೆಯಿಂದ ಹುಟ್ಟಿದ್ದಲ್ಲ. ಓಡಾಟ ಕಡಿಮೆಯಾದ ಡಾಂಬರು ರಸ್ತೆಗಳನ್ನು ದುರಸ್ತಿ ಮಾಡಲು ದುಡ್ಡು ಸಾಲದೆ, ಅಗೆದು ಮತ್ತೆ ಜಲ್ಲಿ ರಸ್ತೆಯಾಗಿಸಿದ ಉದಾಹರಣೆಗಳು 27 ರಾಜ್ಯಗಳಲ್ಲಿ ಸಿಕ್ಕಿವೆ ಎಂದು ಅಲ್ಲಿನ ಹೆದ್ದಾರಿ ಸಂಶೋಧನಾ ವರದಿಯೊಂದು 2016ರಲ್ಲಿ ದಾಖಲಿಸಿತು.

ದಾರಿಯನ್ನು ಆಟವೇ ಕಾಪಾಡಿದ ಒಂದು ನಿದರ್ಶನವೂ ಇದೆ. ಇಟಲಿಯ ಟಸ್ಕನಿಯಲ್ಲಿ ಸಿಯೆನಾ ಸುತ್ತಿನ ಬಿಳಿ ಸುಣ್ಣಕಲ್ಲಿನ ದಾರಿಗಳು ಒಂದೊಂದಾಗಿ ಡಾಂಬರಿನಡಿ ಮರೆಯಾಗುತ್ತಿದ್ದಾಗ, ಜಾನ್‌ಕಾರ್ಲೊ ಬ್ರೊಚ್ಚಿ ಎಂಬುವರು 1997ರಲ್ಲಿ ಗಯೊಲೆ ಎಂಬ ಸಣ್ಣ ಊರಿನಿಂದ ‘ಲೆರೊಯಿಕಾ’ ಎಂಬ ಸವಾರಿ ಶುರುಮಾಡಿದರು. 1987ಕ್ಕಿಂತ ಹಿಂದಿನ ಸೈಕಲ್ಲು ಬೇಕು ಎಂಬುದು ಅದರ ನಿಯಮ. ವಿಲಾಸಿ ಹವ್ಯಾಸದಂತೆ ಕಂಡ ಅದಕ್ಕೆ ಜಗತ್ತಿನ ಮೂಲೆಮೂಲೆಯಿಂದ ಜನ ಬಂದರು, 2007ರಿಂದ ಅದೇ ದಾರಿಗಳಲ್ಲಿ ವೃತ್ತಿಪರರ ‘ಸ್ಟ್ರಾದೆ ಬ್ಯಾಂಕೆ’ ಪಂದ್ಯ ನಡೆಯುತ್ತಿದೆ. ಬಿಳಿ ದಾರಿಯೇ ಈಗ ಆ ಸೀಮೆಯ ಆಸ್ತಿ. ಅದರ ಮೇಲೆ ಡಾಂಬರು ಸುರಿಯುವುದಾಗಿ ಹೇಳುವ ಧೈರ್ಯ ಯಾವ ಮೇಯರಿಗೂ ಸುಲಭಕ್ಕೆ ಬರಲಾರದು.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಈ ಆಟ ಇಲ್ಲಿ ಬೇರೂರುವುದಿದ್ದರೆ ಬೆಂಗಳೂರಿನಲ್ಲಿ ಅಲ್ಲ ಎನಿಸುತ್ತದೆ. ಗ್ರಾವೆಲ್ ಬೈಕು ಕೊಳ್ಳುವವರು ಅಲ್ಲಿದ್ದಾರೆ, ನಿಜ. ಆದರೆ ರಾಜಧಾನಿಯ ಅಂಚಿನ ಮಣ್ಣು ದಾರಿಗೆ ಆಯುಸ್ಸು ಕಡಿಮೆ. ಹೊಲ ಹೋಗಿ ಲೇಔಟ್ ಆಗುವ ನಡುವಿನ ಕೆಲವೇ ವರ್ಷ ಅದು ಸೈಕಲ್ಲಿಗೆ ಸಿಗುತ್ತದೆ, ಆಮೇಲೆ ಅಲ್ಲಿ ಕಾಂಪೌಂಡ್ ಗೋಡೆ, ಗೇಟು, ಸೆಕ್ಯೂರಿಟಿ. ತುರಹಳ್ಳಿಯಂಥ ಕಾಡಿನ ತುಂಡುಗಳ ಮೇಲೆ ಸವಾರರ ಭಾರವನ್ನೆಲ್ಲ ಹೇರುವುದೂ ನ್ಯಾಯವಲ್ಲ. ಆಟಕ್ಕೆ ಬೇಕಾದ ಎರಡೂ, ದಾರಿ ಮತ್ತು ಕಾಲು, ಒಟ್ಟಿಗೆ ಇರುವುದು ಕೃಷ್ಣಾ ತೀರದಲ್ಲಿ. ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಕರ್ನಾಟಕದ ಹೆಸರು ಕೇಳಿಬಂದಾಗ ಅದರ ಹಿಂದೆ ಹೆಚ್ಚಾಗಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ರೈತಾಪಿ ಮನೆಯ ಹುಡುಗ ಹುಡುಗಿಯರಿರುತ್ತಾರೆ. ವಿಜಯಪುರದ ಕ್ರೀಡಾ ವಸತಿ ನಿಲಯ, ಚಂದರಗಿಯ ಕ್ರೀಡಾ ಶಾಲೆ ಅವರನ್ನು ತಯಾರು ಮಾಡಿವೆ. ವಿಜಯಪುರದ ವೆಲೋಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಎಳೆದಾಡಿತು. ಟ್ರ್ಯಾಕಿಗೆ ಕೋಟಿಗಟ್ಟಲೆ ಬೇಕು, ರಸ್ತೆ ರೇಸಿಗೆ ಹೆದ್ದಾರಿ ತಡೆಯಲು ಪೊಲೀಸರು ಬೇಕು. ಕಾಲುವೆ ಏರಿಯ ಮೇಲೆ, ಹೊಲದ ದಾರಿಯಲ್ಲಿ ನಡೆಯುವ ಪಂದ್ಯಕ್ಕೆ ಇವೆರಡೂ ಬೇಡ. ಅಂದಹಾಗೆ, ಎಂಪೋರಿಯಾದಲ್ಲಿ 34 ಮಂದಿ ಹೊರಟ 2006ರಲ್ಲೇ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚುವ ಯೋಜನೆ ಶುರುಮಾಡಿತ್ತು. ಕೋವಿಡ್ ಹೊತ್ತಿಗೆ ಅದು ನಿಂತಿತು. ಅಷ್ಟು ವರ್ಷ ಲಕ್ಷಾಂತರ ಮಕ್ಕಳು ದಿನಾ ಶಾಲೆಗೆ ತುಳಿದದ್ದು ಇಂಥ ದಾರಿಗಳಲ್ಲೇ, ಅದಕ್ಕೆ ಗ್ರಾವೆಲ್ ಎಂದು ಯಾರೂ ಹೆಸರಿಡಲಿಲ್ಲ.

ಅಲ್ಲೊಂದು ಕೂಟ ಹೇಗೆ ನಡೆಯಬಹುದು ಎಂದು ಊಹಿಸುವುದು ಕಷ್ಟವಲ್ಲ. ಕಾಲ ಜನವರಿ ಮಧ್ಯದಿಂದ ಫೆಬ್ರವರಿ ಕೊನೆ: ಎರೆ ಒಣಗಿ ಗಟ್ಟಿಯಾಗಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ದೂರ ನೂರು ಕಿಲೋಮೀಟರ್ ಸಾಕು, ಗೇರಿಲ್ಲದ ಸೈಕಲ್ಲಿನವರಿಗೆ ನಲವತ್ತರ ಬೇರೆ ಸುತ್ತು. ಗೆದ್ದವರಿಗೆ ಗ್ರಾವೆಲ್ ಬೈಕು ಬಹುಮಾನ ಕೊಡುವ ಬದಲು ಭಾಗವಹಿಸಿದವರಿಗೆಲ್ಲ ಒಳ್ಳೆಯ ಟೈರು ಕೊಡಿಸಿದರೆ ಖರ್ಚು ಸಾರ್ಥಕ. ಅನುಮತಿ ಕೇಳಬೇಕಾದ್ದು ಆ ದಾರಿಗಳಿರುವ ಗ್ರಾಮ ಪಂಚಾಯಿತಿಗಳನ್ನು, ಕಾಲುವೆಗಾದರೆ ನೀರಾವರಿ ನಿಗಮವನ್ನು. ಮತ್ತು ಅಂದು ಬೆಳಗ್ಗೆ ಕಬ್ಬಿನ ಟ್ರ್ಯಾಕ್ಟರು ಎದುರಾದರೆ ಇಳಿದು ದಾರಿ ಬಿಡಬೇಕಾದ್ದು ಸೈಕಲ್ಲಿನವರು ಎಂಬುದನ್ನು ನಿಯಮದ ಮೊದಲ ಸಾಲಿನಲ್ಲೇ ಬರೆಯಬೇಕು.